ನೀರುಕಾಗೆಯ ರೆಕ್ಕೆ

ಕೆರೆಯಂಚಿನ ಮರದಲ್ಲಿ ನೀರುಕಾಗೆಯೊಂದು ತನ್ನ ಕುರುಡು ತಂದೆಯನ್ನು ಸಾಕಿಕೊಂಡಿತ್ತು. ನೀರುಕಾಗೆಗಳು ಮುಳುಗಿ ಎದ್ದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳಬೇಕು. ಇದಕ್ಕೆ ಆ ಬಿಡುವೇ ಇರಲಿಲ್ಲ. ಮೀನು ಸಿಕ್ಕಿದ ಕೂಡಲೇ ಮರಕ್ಕೆ ಹಾರುತ್ತಿತ್ತು, ತಂದೆಗೆ ತಿನ್ನಿಸಿ ಮತ್ತೆ ನೀರಿಗೆ ಬೀಳುತ್ತಿತ್ತು.

ಬಂಡೆಯ ಮೇಲಿದ್ದ ಆಮೆ ಕೇಳಿತು: "ಏನು ತಂಗೀ, ಬಿಸಿಲು ನಿನಗೆ ಮೈಲಿಗೆಯೇ?"

"ಅಪ್ಪ ಹಸಿದಿದ್ದಾನೆ, ಆಮೆಯಣ್ಣ. ನಿನ್ನ ಹಾಗೆ ಬಿಸಿಲು ಕಾಯಿಸಲು ನನಗೆಲ್ಲಿಯ ಪುರುಸೊತ್ತು?"

ಒಂದು ದಿನ ಮೀನು ಕಚ್ಚಿಕೊಂಡು ಮೇಲೆ ಬಂದಾಗ ನೆನೆದ ರೆಕ್ಕೆ ಏಳಲೇ ಇಲ್ಲ. ಮೀನು ಬಿಟ್ಟು, ನೀರು ಕುಡಿದು, ಹೇಗೋ ತೆವಳಿ ಬಂಡೆ ಹತ್ತಿತು. ಆಮೆ ಸರಿದು ಜಾಗ ಬಿಟ್ಟಿತು.

"ಎಲ್ಲಿ ಸತ್ತೆಯೇ? ನನ್ನನ್ನು ಮರೆತೆಯಾ?" ಮರದಿಂದ ಮುದಿ ತಂದೆ ಕೂಗಿತು.

"ಇಲ್ಲೇ ಇದ್ದೇನಪ್ಪಾ. ರೆಕ್ಕೆ ಒಣಗಿಸಿಕೊಂಡು ಬರುತ್ತೇನೆ."

"ನನ್ನ ಹೊಟ್ಟೆಗಿಂತ ನಿನ್ನ ರೆಕ್ಕೆಯೇ ಹೆಚ್ಚಾಯಿತೇನು!"

ಆಮೆ ನೀರಿಗಿಳಿದು ಹೋಯಿತು. ತಂದೆಯ ಕೂಗು ಕೇಳುತ್ತಲೇ ಇತ್ತು. ಕೊನೆಯ ಗರಿ ಒಣಗುವವರೆಗೂ ನೀರುಕಾಗೆ ಬಂಡೆಯ ಮೇಲೆ ಒಂಟಿಯಾಗಿ, ರೆಕ್ಕೆ ಹರಡಿಕೊಂಡು ನಿಂತಿತು. ಆಮೇಲೆ ಮೀನು ಹಿಡಿಯಲು ಹೋಯಿತು.