ರಾಚವ್ವ ಉಸಿರು ತಗೊಳ್ಳೋ ಜಾಗ

ವರದಾ ಹೊಳೆಯ ದಂಡೆಗೆ ಮರುಳಯ್ಯಜ್ಜನವರ ಮಠ. ಮಠ ಅಂದಕೂಡಲೆ ದೊಡ್ಡದು ಅಂದುಕೊಳ್ಳಬೇಡಿ. ಒಂದು ಗದ್ದುಗೆ, ಒಂದು ಪಡಸಾಲೆ, ನೀರಿಗಿಳಿಯಲು ಆರು ಮೆಟ್ಟಿಲು, ಅಷ್ಟೇ. ಸಂಜೆಯಾದರೆ ಅಜ್ಜ ಏಕತಾರಿ ಹಿಡಿದು ಪದ ಹೇಳುತ್ತಿದ್ದರು. ಕೇಳಲು ಬಂದವರಿಗೆ ಪದ, ಹಸಿದು ಬಂದವರಿಗೆ ರೊಟ್ಟಿ.

ಒಂದು ಮಧ್ಯಾಹ್ನ ಅಲ್ಲಿಗೆ ಫಕೀರೇಶ ಬಂದ.

ಆ ಸೀಮೆಯಲ್ಲಿ ಅವನ ಹೆಸರು ಕೇಳದವರು ಇದ್ದಾರು, ಅವನ ಹಾಡು ಕೇಳದವರಿಲ್ಲ. ಟ್ರ್ಯಾಕ್ಟರಿನಲ್ಲಿ ಅವನ ಹಾಡು, ಮದುವೆ ಮೆರವಣಿಗೆಯಲ್ಲಿ ಅವನ ಹಾಡು, ಹುಬ್ಬಳ್ಳಿ ಬಸ್ಸಿನಲ್ಲಿ ಕಿವಿ ಮುಚ್ಚಿಕೊಂಡು ಕೂತರೂ ಅವನದೇ ಹಾಡು. ಬರೆಯುವವನೂ ಅವನೇ, ಧಾಟಿ ಹಾಕುವವನೂ ಅವನೇ, ಸ್ವಂತ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಹೊರಗೆ ಬಿಡುವವನೂ ಅವನೇ. ಸಿ.ಡಿ. ಕಾಲದಿಂದ ಮೊಬೈಲ್ ಕಾಲದ ತನಕ ಇನ್ನೂರು ಹಾಡು ಮಾಡಿದ್ದ. ಹಾಡಿದವಳು ಮಾತ್ರ ಒಬ್ಬಳೇ, ಅವನ ಹೆಂಡತಿ ರಾಚವ್ವ.

ರಾಚವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಅವನು ಒಂದು ಸಾಲೂ ಬರೆದಿರಲಿಲ್ಲ.

ಇಬ್ಬರೂ ಆ ಪಡಸಾಲೆಯಲ್ಲೇ ಪದ ಕಲಿತವರು. ಹರೆಯದ ದಿನಗಳವು. ರಾಚವ್ವ ಮುಂದೆ ಹೇಳುವವಳು, ಫಕೀರೇಶ ಅವಳ ಹಿಮ್ಮೇಳ. ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಂಡು ನಡೆಸಬೇಕು, ಭಜನೆಯ ರೀತಿಯೇ ಅದು. ರಾಚವ್ವನಿಗೆ ಚಿಕ್ಕಂದಿನಿಂದ ದಮ್ಮು. ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಮುಗಿದಿರುತ್ತಿತ್ತು. ಅಲ್ಲಿಯೇ ಫಕೀರೇಶ ಎತ್ತಿಕೊಂಡುಬಿಡುತ್ತಿದ್ದ. ಕೇಳುವವರಿಗೆ ಒಂದಿಷ್ಟೂ ಗೊತ್ತಾಗುತ್ತಿರಲಿಲ್ಲ.

ಅದನ್ನು ಅವನಿಗೆ ಕಲಿಸಿದವರು ಅಜ್ಜನೇ. ಹಿಮ್ಮೇಳದವನು ಧ್ವನಿ ಕೇಳುತ್ತ ಕೂತರೆ ತಡವಾಗುತ್ತದೆ, ಉಸಿರು ಕೇಳಿ ಎತ್ತಿಕೋ ಅಂತ ಮೊದಲ ದಿನವೇ ಹೇಳಿದ್ದರು.

ಈಗ ಬಂದವನು ಅಜ್ಜನ ಕಾಲಿಗೆ ಬಿದ್ದ. ಬಿದ್ದವನು ಏಳಲಿಲ್ಲ.

"ಉಂಡಿಯೇನಪಾ?" ಅಂದರು ಅಜ್ಜ.

ಇಲ್ಲ ಅಂದ. ರೊಟ್ಟಿ, ಪುಂಡಿಪಲ್ಲೆ ಬಡಿಸಿ ಎದುರಿಗೆ ಕೂತರು. ಉಂಡು ಮುಗಿಸುವ ತನಕ ಏನೂ ಕೇಳಲಿಲ್ಲ.

ಕೈ ತೊಳೆದ ಮೇಲೆ ಅವನೇ ಹೇಳಿಕೊಂಡ. ಸ್ಟುಡಿಯೋದಲ್ಲಿ ರಾಚವ್ವ ಒಬ್ಬಳೇ ಮೈಕಿನ ಮುಂದೆ ನಿಂತು ಹಾಡುತ್ತಿದ್ದಳಂತೆ. ಹಿಮ್ಮೇಳ ಅಂತ ಯಾರೂ ಇಲ್ಲ, ಇವನು ಗಾಜಿನಾಚೆ ಯಂತ್ರದ ಮುಂದೆ. ಅವಳು ಸಾಲು ಸಾಲಿಗೂ ಉಸಿರೆಳೆದುಕೊಳ್ಳುವುದು ಇವನ ಕಿವಿಗೆ ದೊಡ್ಡದಾಗಿ ಬಡಿಯುತ್ತಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಆ ಉಸಿರುಗಳನ್ನು ಹುಡುಕಿ ಹುಡುಕಿ ಕತ್ತರಿಸುತ್ತಿದ್ದ. ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ, ಒಂದು ಹಾಡಿಗೆ ಮೂವತ್ತು, ನಲವತ್ತು. ರಾಚವ್ವ ಹಿಂದೆ ನಿಂತು ನೋಡುತ್ತಿದ್ದಳು. ಒಂದೇ ಸಲ ಕೇಳಿದ್ದಳು, ಒಂದಾದರೂ ಇರಲಿ ಬಿಡ್ರಿ ಅಂತ. ಹಾಡು ಸ್ವಚ್ಛ ಇರಬೇಕು ಅಂತ ಇವನು ನಕ್ಕುಬಿಟ್ಟಿದ್ದ. ಹಾಡು ಹೊರಬಿದ್ದ ಮೇಲೆ ಹಸಿ ರೆಕಾರ್ಡಿಂಗನ್ನು ಅಳಿಸಿಹಾಕುವುದು ಅವನ ರೂಢಿ. ಒಂದೂ ಉಳಿದಿರಲಿಲ್ಲ.

"ಇನ್ನೂರು ಹಾಡು ಅದಾವ್ರಿ ಅಜ್ಜಾರ. ಅದ್ರಾಗ ಎಲ್ಲೂ ಅಕಿ ಉಸಿರಿಲ್ರಿ. ನನಗ ಹಾಡು ಬ್ಯಾಡ್ರಿ. ಅಕಿ ಉಸಿರಾಡೂದು ಒಮ್ಮೆ ಕೇಳಬೇಕ್ರಿ."

ಅಜ್ಜ ಒಂದು ಹಾಡು ಹಚ್ಚು ಅಂದರು. ಫಕೀರೇಶ ಮೊಬೈಲಿನಲ್ಲಿ ಹಚ್ಚಿದ. ಎಲ್ಲಕ್ಕಿಂತ ಹೆಚ್ಚು ಮಂದಿ ಕೇಳಿದ ಹಾಡು ಅದು. ಅಜ್ಜ ಕಣ್ಣು ಮುಚ್ಚಿ ಕೊನೆಯ ತನಕ ಕೇಳಿದರು.

"ಚಲೋ ಹಾಡ್ಯಾಳ. ಯಾರಪಾ ಈಕಿ?"

ಫಕೀರೇಶ ಮೊಬೈಲು ಕೆಳಗಿಟ್ಟು ಅತ್ತುಬಿಟ್ಟ. ಹತ್ತು ವರ್ಷ ಎದುರಿಗೆ ಕೂರಿಸಿಕೊಂಡು ಪದ ಕಲಿಸಿದ ಮನುಷ್ಯ ಕೇಳುವ ಮಾತೇ ಇದು? ಅಜ್ಜನಿಗೆ ವಯಸ್ಸಾಯಿತು ಅಂದುಕೊಳ್ಳೋಣವೆಂದರೆ ಅವರ ಕಿವಿ ಇನ್ನೂ ಚುರುಕಾಗಿತ್ತು.

ಅಜ್ಜ ಅವನ ಅಳು ನಿಲ್ಲುವ ತನಕ ಕಾದರು. ಆಮೇಲೆ, ಉಸಿರು ಜಾಸ್ತಿ ಕೇಳಿಸುತ್ತದೆ ಅಂತ ಯಾರು ಹೇಳಿದರು ಅಂತ ವಿಚಾರಿಸಿದರು. ಯಾರೂ ಹೇಳಿರಲಿಲ್ಲ. ತಬಲಾ ಬಾರಿಸುವವನು, ಕೀಬೋರ್ಡಿನವನು, ಇಬ್ಬರೂ ನಮಗೇನೂ ಕೇಳಿಸಲಿಲ್ಲ ಮಾರಾಯಾ ಅಂತ ಇವನಿಗೇ ನಗಾಡುತ್ತಿದ್ದರಂತೆ.

"ಮತ್ತ ನಿನಗೊಬ್ಬಂಗ ಹೆಂಗ ಕೇಳಿಸ್ತು?"

ಗೊತ್ತಿಲ್ಲ ಅಂದ ಫಕೀರೇಶ. ಅಜ್ಜ ಹ್ಞೂಂ ಅಂದು ಎದ್ದು ಹೋದರು.

ಸಂಜೆ ಅವನನ್ನು ಪಡಸಾಲೆಗೆ ಕರೆದರು. ಮುಂದೆ ಒಂದು ಖಾಲಿ ಚಾಪೆ ಹಾಸಿತ್ತು. ಅದರ ಹಿಂದೆ, ಹಳೆಯ ಜಾಗದಲ್ಲಿ, ಫಕೀರೇಶನನ್ನು ಕೂರಿಸಿದರು. ತಾವು ಪಕ್ಕದಲ್ಲಿ ಏಕತಾರಿ ಹಿಡಿದು ಕೂತರು.

"ರಾಚವ್ವ ಹೇಳ್ತಾಳ. ನೀ ಹಿಂದ ಎತ್ತಿಕೋ."

ಏಕತಾರಿ ಒಂದೇ ಸಮನೆ ಮಿಡಿಯಿತು. ಚಾಪೆ ಸುಮ್ಮನಿತ್ತು. ಯಾವ ಪದ ಅಂತ ಕೇಳಬೇಕಾಗಿರಲಿಲ್ಲ. ಆ ಮಿಡಿತಕ್ಕೆ ಅವಳು ಹೇಳುತ್ತಿದ್ದುದು ಒಂದೇ ಪದ, ಕೊಡ ತುಂಬಿಕೊಂಡು ಹೋದವಳದು. ಫಕೀರೇಶ ಸ್ವಲ್ಪ ಹೊತ್ತು ಕಾದು, ಪದವನ್ನು ಮೊದಲಿನಿಂದ ತಾನೇ ಹೇಳಲು ಹೋದ. ಅಜ್ಜ ತಂತಿಯ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಅದು ಅವಳ ಪಾಲಿನದು, ನಿನ್ನದಲ್ಲ ಅಂದರು.

ಮರುದಿನ ಮೊಳಕಾಲ ಮೇಲೆ ತಾಳ ಎಣಿಸಿಕೊಂಡು ಕೂತ. ಸ್ಟುಡಿಯೋದವನಲ್ಲವೇ, ಸೆಕೆಂಡಿನ ಲೆಕ್ಕ ಅವನಿಗೆ ನೀರು ಕುಡಿದಷ್ಟು ಸುಲಭ. ಸರಿಯಾಗಿ ಸಾಲು ಮುಗಿಯುವಲ್ಲಿ ಎತ್ತಿಕೊಂಡ. ಅಜ್ಜ ಮತ್ತೆ ತಂತಿ ಹಿಡಿದರು.

ಹೀಗೇ ಹನ್ನೊಂದು ಸಂಜೆ. ಹಗಲು ಅವನು ಮೆಟ್ಟಿಲು ಗುಡಿಸುತ್ತಿದ್ದ, ನೀರು ಹೊರುತ್ತಿದ್ದ. ಸಂಜೆ ಖಾಲಿ ಚಾಪೆ ನೋಡುತ್ತಿದ್ದ. ಒಮ್ಮೆ ಬೇಗ ಎತ್ತಿಕೊಂಡ, ಒಮ್ಮೆ ತಡವಾಗಿ. ಇನ್ನು ಕೆಲವು ದಿನ ಬಾಯಿಯೇ ತೆರೆಯಲಿಲ್ಲ.

ಹನ್ನೆರಡನೆಯ ದಿನ ಅವನಿಗೆ ಸಿಟ್ಟು ಬಂತು. ಅದೂ ಗುರುವಿನ ಮೇಲೇ ಬಂತು.

"ಅಕಿ ಇಲ್ರಿ ಅಜ್ಜಾರ. ಇಲ್ಲದಾಕಿ ಹಿಂದ ನಾ ಏನು ಎತ್ತಿಕೊಳ್ಳಲ್ರಿ?"

ಅಜ್ಜ ಏಕತಾರಿಯ ಕಿವಿ ತಿರುವಿ ತಂತಿ ಬಿಗಿ ಮಾಡಿಕೊಂಡರು. ಕೂಡು ಅಂದರು.

ಕೂತ. ಅವತ್ತು ಅವನು ಹಾಡಬೇಕು ಅಂತ ಕೂರಲಿಲ್ಲ, ಎಣಿಸಲೂ ಇಲ್ಲ. ದಣಿದಿದ್ದ. ಅವಳು ಬೇಕು ಅನ್ನುವುದೊಂದು ಬಿಟ್ಟರೆ ಅವನಲ್ಲಿ ಬೇರೇನೂ ಉಳಿದಿರಲಿಲ್ಲ. ಹೊಳೆಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಏಕತಾರಿ ಮಿಡಿಯುತ್ತಿತ್ತು.

ಕೊಡ ತುಂಬಿಕೊಂಡು ಹೋದಿ, ಹೊಳಿ ಇಲ್ಲೇ ಉಳದೈತಿ. ಪದದ ಮೊದಲ ಸಾಲು ಅದು. ರಾಚವ್ವ ಒಂದು ದಿನವೂ ಅದನ್ನು ಒಂದೇ ಉಸಿರಿನಲ್ಲಿ ಮುಗಿಸಿದವಳಲ್ಲ.

ಚಾಪೆ ಹಾಗೆಯೇ ಸುಮ್ಮನಿತ್ತು. ಆದರೆ ಇದ್ದಕ್ಕಿದ್ದಂತೆ ಫಕೀರೇಶನ ಬಾಯಿಂದ ಪದ ಹೊರಟಿತು. ಸಾಲಿನ ಮೊದಲಿನಿಂದಲ್ಲ, ಕೊನೆಯಿಂದಲೂ ಅಲ್ಲ. ಸರಿಯಾಗಿ ನಡುವಿನಿಂದ.

"ಹೊಳಿ ಇಲ್ಲೇ ಉಳದೈತಿ..."

ಅಜ್ಜನ ಬೆರಳು ತಂತಿಯನ್ನು ನಿಲ್ಲಿಸಲಿಲ್ಲ.

ಎರಡನೆಯ ಸಾಲಿಗೂ ಹಾಗೇ ಎತ್ತಿಕೊಂಡ. ಮೂರನೆಯದಕ್ಕೆ ಇನ್ನೂ ಸ್ವಲ್ಪ ಮೊದಲು, ಯಾಕೆಂದರೆ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವಳು ಯಾವಾಗಲೂ ಹೆಚ್ಚು ದಣಿದಿರುತ್ತಿದ್ದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಲು ಹೋದರೆ ಮುಂದಿನ ಜಾಗ ತಪ್ಪೀತು ಅಂತ ಅವನಿಗೆ ಭಯ. ಅರ್ಧರ್ಧ ಸಾಲುಗಳಲ್ಲಿ ಇಡೀ ಪದ ಮುಗಿಯಿತು.

ಅಜ್ಜ ಏಕತಾರಿ ಕೆಳಗಿಟ್ಟರು. ಖಾಲಿ ಚಾಪೆಯನ್ನು ನೋಡಿದರು, ಅವನನ್ನು ನೋಡಿದರು.

"ಫಕೀರಾ, ಯಾರ ಉಸಿರು ಕೇಳಿ ಎತ್ತಿಕೊಂಡಿ?"