ನೊಣವಿಲ್ಲದ ನಡುಕ

ಪ್ರದರ್ಶನದ ಅಂಗಳದಲ್ಲಿ ಕುಸಿದುಬಿದ್ದ ಗಂಡುಕುದುರೆಯನ್ನು ರೋಗಿ ಕುದುರೆಗಳ ಲಾಯಕ್ಕೆ ತಂದು ಕಟ್ಟಿದರು.

"ಈ ಕಟ್ಟುಮಸ್ತಾದ ತೊಡೆ ನೋಡಿ! ನಾನು ರೋಗಿಯೇ? ಕಾಲು ಜಾರಿತು, ಅಷ್ಟೇ" ಎಂದು ಅದು ಸಿಡುಕಿತು.

ಮೂಲೆಯಲ್ಲಿ ಮಲಗಿದ್ದ ಮುದಿ ಹೆಣ್ಣುಕುದುರೆ ಕೇಳಿತು: "ನೊಣ ಕೂರದಿದ್ದರೂ ನಿನ್ನ ಚರ್ಮ ಅದುರುತ್ತದೆಯೇ?"

"ಅದುರುತ್ತದೆ. ಅದು ಕೆಚ್ಚು ಎಂದು ಒಡೆಯ ಬೆನ್ನು ತಟ್ಟುತ್ತಿದ್ದ."

"ನನಗೂ ಹಾಗೇ ಅಂದರು, ಮಗನೇ. ಆಮೇಲೆ ಕಾಲುಗಳು ಸೆಟೆದುಕೊಂಡವು. ಇದು ನನ್ನಪ್ಪನಿಂದ ಬಂದ ರೋಗ. ಅವನು ಕುಸಿದೇ ಸತ್ತ. ಅಷ್ಟರಲ್ಲಿ ಅವನ ತೊಡೆಗೆ ಮರುಳಾದವರು ಅವನಿಂದ ನೂರು ಮರಿ ಹುಟ್ಟಿಸಿದ್ದರು."

ಗಂಡುಕುದುರೆಯ ಬಾಯಿಂದ ಹುಲ್ಲು ಜಾರಿತು.

"ಅಜ್ಜೀ, ಹೊರಗೆ ನನ್ನ ಮರಿಗಳು ಮೂವತ್ತಿವೆ. ಅವುಗಳ ಚರ್ಮ ಅದುರಿದಾಗಲೆಲ್ಲ ಜನ ಚಪ್ಪಾಳೆ ತಟ್ಟುತ್ತಾರೆ."