ತುಕ್ಕಿನ ಮೇಲೆ ಕೂತ ಡಿಸ್ಕ್

ನಾಗಮಲ್ಲ ತುಕ್ಕಿನ ಮೇಲೆ ಹೊಸ ಡಿಸ್ಕ್ ಕೂರಿಸಿದ. ಒಂದು ಸಲವಲ್ಲ, ಎರಡು ಸಲ. ಎರಡು ಸಲವೂ ತಪ್ಪನ್ನು ಶನಿಯ ತಲೆಗೆ ಕಟ್ಟಿದ.

ಹೊಳೆದಂಡೆಯ ಆಶ್ರಮದ ಕಾರು ಅದು. ನಾಗಮಲ್ಲ ಅಲ್ಲಿನ ಶಿಷ್ಯ, ಕಾರು ಓಡಿಸುವವನೂ ರಿಪೇರಿ ಮಾಡುವವನೂ ಅವನೇ. ಇಪ್ಪತ್ತೆರಡು ವರ್ಷ ಹಳೆಯದು. ಮುಂದಿನ ಒಂದೊಂದು ಚಕ್ರದ ಹಿಂದೆ ಒಂದೊಂದು ಕಬ್ಬಿಣದ ತಟ್ಟೆ, ಅದೇ ಡಿಸ್ಕ್. ಬ್ರೇಕ್ ಒತ್ತಿದರೆ ಎರಡು ಪ್ಯಾಡುಗಳು ಆ ತಟ್ಟೆಯನ್ನು ಅಕ್ಕಪಕ್ಕದಿಂದ ಅಮುಕಿ ಹಿಡಿಯುತ್ತವೆ, ಕಾರು ನಿಲ್ಲುತ್ತದೆ. ನಾಗಮಲ್ಲ ಹಾಕಿದ ಡಿಸ್ಕುಗಳು ಎರಡೇ ತಿಂಗಳಿಗೆ ಏರುಪೇರಾಗಿ ಸವೆದವು. ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು.

ಆ ಕಾರು ಶೋಕಿಗೆ ಇದ್ದದ್ದಲ್ಲ. ಆಶ್ರಮದ ಒಲೆ ಮುಂದೆಯೇ ಮುಪ್ಪಾದ ಪುಟ್ಟತಾಯಮ್ಮನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು. ಆಸ್ಪತ್ರೆ ಘಾಟಿಯ ಕೆಳಗಿದೆ. ಹೋಗದಿದ್ದರೆ ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ.

ಅಂದು ಮಧ್ಯಾಹ್ನ ಮೂರು ಗಂಟೆಗೆ ಹೊರಡಬೇಕಿತ್ತು. ಬೆಳಗ್ಗೆಯೇ ಆಕೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

“ಆ ನಡುಗೋ ಕಾರಲ್ಲಿ ನಾನು ಘಾಟಿ ಇಳಿಯಲ್ಲ ಕಣೋ ಮಲ್ಲ. ಕಿಡ್ನಿ ಹೋಗಿದೆ ಅಂತ ಪ್ರಾಣಾನೂ ಬಿಟ್ಟಿ ಕೊಟ್ಬಿಡ್ಲಾ?”

ನಾಗಮಲ್ಲ ಮೂರನೇ ಜೊತೆ ಡಿಸ್ಕ್ ತಂದ. ಅದಕ್ಕೆ ಗಂಧ ಬಳಿದ, ಕುಂಕುಮ ಇಟ್ಟ. ಕಂಕುಳಲ್ಲಿ ಡಿಸ್ಕ್, ಕೈಯಲ್ಲಿ ನಿಂಬೆಹಣ್ಣು, ಹೀಗೆ ಆಶ್ರಮದ ಗುರು ಮರಿಸಿದ್ದಯ್ಯನವರ ಮುಂದೆ ನಿಂತ.

“ಬುದ್ಧೀ, ಈ ಸಲ ನೀವೇ ಮುಟ್ಟಿ ಕೊಡಿ. ಹೋದ ಎರಡು ಜೊತೇನೂ ಶನಿವಾರ ತಂದಿದ್ದೆ. ಅದಕ್ಕೇ ಕೆಟ್ಟೋದ್ವು.”

“ಇದನ್ನ ಯಾವತ್ತು ತಂದೆ?”

“ಗುರುವಾರ, ಬುದ್ಧೀ.”

“ಅಂಗಡಿಯವನು ಯಾವತ್ತು ತಂದಿದ್ದ?”

ನಾಗಮಲ್ಲ ತಲೆ ಕೆರೆದುಕೊಂಡ. “ಅದನ್ನ ಕೇಳ್ಲಿಲ್ಲ.”

“ಗಂಧ ಎಲ್ಲಿಗೆ ಬಳಿದೆ?”

“ಈ ಹೊಳೆಯೋ ಜಾಗಕ್ಕೆ.”

“ಪ್ಯಾಡು ಹಿಡಿಯೋದು ಎಲ್ಲಿ?”

ನಾಗಮಲ್ಲ ಡಿಸ್ಕ್ ನೋಡಿದ. ಗುರುಗಳನ್ನು ನೋಡಿದ. ಪಂಚೆಯ ತುದಿಯಿಂದ ಒರೆಸಲು ಶುರು ಮಾಡಿದ.

“ಬುದ್ಧೀ, ನಡುಕ ಹೋಗೋಕೆ ಏನಾದ್ರೂ ದಾರಿ ಹೇಳಿ.”

“ಕಾರಿನ ವಿಷಯ ನಂಗೇನಪ್ಪಾ ಗೊತ್ತು? ನಲವತ್ತು ವರ್ಷದಿಂದ ನಾನು ಕಲ್ತಿರೋದು ಕೂರೋದೊಂದೇ. ನಡಿ, ಊಟಕ್ಕೆ ಕೂತ್ಕೋ.”

ಊಟದ ಮನೆಯಲ್ಲಿ ಗುರುಗಳೇ ಶಿಷ್ಯನಿಗೆ ಮಣೆ ಹಾಕಿದರು. ಎಲೆಗೆ ಅನ್ನ ಬಿತ್ತು, ಸಾರು ಬಿತ್ತು. ನಾಗಮಲ್ಲ ಬಗ್ಗಿ ತುತ್ತು ಎತ್ತಿದ. ಮಣೆ ಟಕ್ ಎಂದು ವಾಲಿತು. ಸಾರು ಅಂಗಿಗೆ ಬಿತ್ತು.

“ಬುದ್ಧೀ, ಈ ಮಣೆ ಸೊಟ್ಟ.”

ಗುರುಗಳು ಬೇರೆ ಮಣೆ ಕೊಟ್ಟರು. ಅವನು ಮತ್ತೆ ಕೂತ, ಮತ್ತೆ ಬಗ್ಗಿದ. ಟಕ್. ಈ ಸಲ ಸಾರು ಪಂಚೆಗೆ ಬಿತ್ತು.

“ಇದೂ ಸೊಟ್ಟ ಬುದ್ಧೀ! ಈ ಬಡಗಿಗಳು ಬರೀ ಮೋಸಗಾರರು.”

“ಇನ್ನೊಂದು ತರ್ಲಾ?”

“ತನ್ನಿ ಬುದ್ಧೀ. ಹೊಸದು ಇದ್ರೆ ಒಳ್ಳೇದು.”

ಮೂಲೆಯಲ್ಲಿ ಕೂತಿದ್ದ ಪುಟ್ಟತಾಯಮ್ಮನಿಗೆ ನಗು ತಡೆಯಲಾಗಲಿಲ್ಲ. “ಕಾಡಿಗೆ ಹೋಗಿ ಮರಾನೇ ಕಡಕೊಂಡು ಬರ್ಲೇನೋ ನಿಂಗೆ?”

ಗುರುಗಳು ನಗಲಿಲ್ಲ. ಮೂಲೆಯಲ್ಲಿದ್ದ ಪೊರಕೆ ತಂದು ಶಿಷ್ಯನ ಕೈಗೆ ಕೊಟ್ಟರು.

ನಾಗಮಲ್ಲ ಮಣೆ ಎತ್ತಿದ. ನೆಲದ ಮೇಲೆ ಒಂದು ಹುಣಸೆಬೀಜ.

ಬೆಳಗ್ಗೆ ಪುಟ್ಟತಾಯಮ್ಮ ಹುಣಸೆಹಣ್ಣು ಬಿಡಿಸಿದ್ದು ಅಲ್ಲೇ. ಎರಡು ಮಣೆಗೆ ಬೈದ, ಊರಿನ ಬಡಗಿಗಳಿಗೆಲ್ಲ ಬೈದ, ತಲೆ ಬಗ್ಗಿಸಿ ನೆಲ ಮಾತ್ರ ನೋಡಲಿಲ್ಲ. ಇಂಥವರಿಗೆ ನಾವು ಕಾರಿನ ಕೀಲಿ ಕೊಡುತ್ತೇವೆ.

ಅವನು ಅರ್ಧ ಊಟ ಬಿಟ್ಟು ಎದ್ದ. ಓಡಿದವನೇ ಜಾಕ್ ಏರಿಸಿ, ಚಕ್ರ ಬಿಚ್ಚಿ, ಹಳೇ ಡಿಸ್ಕ್ ಕಳಚಿದ. ಅದರ ಹಿಂದೆ, ಡಿಸ್ಕ್ ಒರಗಿ ಕೂರುವ ಹಬ್ ಮೇಲೆ, ತುಕ್ಕು ಹಕ್ಕಳೆಗಟ್ಟಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಎರಡು ಸಲ ಅದನ್ನು ಕಣ್ಣಾರೆ ನೋಡಿಯೂ ಅದರ ಮೇಲೆಯೇ ಹೊಸ ಡಿಸ್ಕ್ ಒತ್ತಿದ್ದವನು ಇವನೇ.

ವೈರ್ ಬ್ರಷ್ ಹಿಡಿದು ಉಜ್ಜಿದ. ಉಪ್ಪುಕಾಗದ ಹಿಡಿದು ಉಜ್ಜಿದ. ಕಬ್ಬಿಣ ಬೆಳ್ಳಗಾಗುವವರೆಗೂ ಬಿಡಲಿಲ್ಲ. ಗಂಧದ ಗುರುತೂ ಅಂಗಡಿಯ ಎಣ್ಣೆಯ ಜಿಡ್ಡೂ ಹೋಗುವ ಹಾಗೆ ಹೊಸ ಡಿಸ್ಕನ್ನು ಒರೆಸಿದ. ಡಿಸ್ಕ್ ಹಬ್ಬಿಗೆ ಅಂಟಿದ ಹಾಗೆ ಕೂತಿತು. ಹೊಸ ಪ್ಯಾಡು ಹಾಕಿದ. ಆಮೇಲೆ ಚಕ್ರ ಏರಿಸಿ, ಒಂದು ನಟ್ಟಿನ ಮೇಲೆ ಸ್ಪ್ಯಾನರ್ ಇಟ್ಟು, ಸ್ಪ್ಯಾನರ್ ಮೇಲೆ ತಾನೇ ಹತ್ತಿ ನಿಂತು ಬಿಗಿದ. ಅದು ಪೂರ್ತಿ ಬಿಗಿಯಾದ ಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಮುಂದಿನ ಇನ್ನೊಂದು ಚಕ್ರಕ್ಕೂ ಹೀಗೇ ಮಾಡಿದ.

“ಆಯ್ತು ಬುದ್ಧೀ! ಅವ್ವನ್ನ ಕರಕೊಂಡು ಬರೋಣ.”

ಪುಟ್ಟತಾಯಮ್ಮನಿಗೆ ನಡೆಯಲಾಗದು, ಕುರ್ಚಿ ಸಮೇತ ಎತ್ತಬೇಕು. ಗುರುಗಳು ಒಂದು ಕಾಲು ಹಿಡಿದರು, ನಾಗಮಲ್ಲ ಒಂದು, ದರ್ಶನಕ್ಕೆ ಬಂದಿದ್ದ ಇಬ್ಬರು ಭಕ್ತರು ಉಳಿದೆರಡು. ನಾಗಮಲ್ಲನಿಗೆ ಅವಸರ. ಯಾರೂ ಕೈ ಹಾಕುವ ಮೊದಲೇ ತನ್ನ ಮೂಲೆಯನ್ನು ಎದೆಮಟ್ಟಕ್ಕೆ ಎತ್ತಿಬಿಟ್ಟ.

ಪುಟ್ಟತಾಯಮ್ಮ ಎದುರಿನ ಭಕ್ತನ ಹೆಗಲ ಮೇಲೆ ಬಿದ್ದಳು. ಬಿದ್ದಲ್ಲಿಂದಲೇ ಆಸ್ಪತ್ರೆಯ ಚೀಲ ಬೀಸಿ ನಾಗಮಲ್ಲನ ತಲೆಗೆ ಬಾರಿಸಿದಳು.

“ನಿನ್ ಕೈಗೆ ಹಾವು ಕಚ್ಚ! ನಾನೇನು ಸುರಿಯೋ ಮೂಟೇನೇನೋ? ಎದುರುಬದುರಿನೋರು ಸ್ವಲ್ಪ ಎತ್ತಿ, ಆಮೇಲೆ ಉಳಿದಿಬ್ರು ಸ್ವಲ್ಪ ಎತ್ತಿ. ಒಬ್ಬನೇ ಶೂರ ಆಗ್ಬೇಡ!”

ನಾಗಮಲ್ಲ ಕುರ್ಚಿ ಇಳಿಸಿದ. ಬಾಯಿ ತೆರೆದುಕೊಂಡು ಕುರ್ಚಿಯ ನಾಲ್ಕು ಕಾಲು ನೋಡಿದ. ಅಂಗಳದಲ್ಲಿ ನಿಂತ ಕಾರಿನ ಚಕ್ರದ ನಾಲ್ಕು ನಟ್ಟು ನೋಡಿದ.

“ಬುದ್ಧೀ…”

“ನನ್ನನ್ನ ಯಾಕೆ ನೋಡ್ತೀಯ? ಇವತ್ತು ಪಾಠ ಅವರದ್ದು.”

ಒಂದೇ ನಟ್ಟನ್ನು ಪೂರ್ತಿ ಬಿಗಿದರೆ ಡಿಸ್ಕೂ ಕುರ್ಚಿಯ ಹಾಗೆ ವಾಲುತ್ತದೆ. ನಾಗಮಲ್ಲ ಎರಡೂ ಚಕ್ರದ ಎಲ್ಲ ನಟ್ಟುಗಳನ್ನೂ ಸಡಿಲಿಸಿದ. ಒಂದನ್ನು ಸ್ವಲ್ಪ ಬಿಗಿದ, ಅದರ ಎದುರಿನದನ್ನು ಅಷ್ಟೇ ಬಿಗಿದ. ಮತ್ತೆ ಉಳಿದೆರಡು. ಹೀಗೆ ಸುತ್ತು ಸುತ್ತಾಗಿ ನಾಲ್ಕನ್ನೂ ಒಂದೇ ಸಮ ಬಿಗಿ ಮಾಡಿದ. ಹೊಳೆಪಕ್ಕದ ಸಮನೆಲದ ರಸ್ತೆಯಲ್ಲಿ ಒಬ್ಬನೇ ಕಾರು ಓಡಿಸಿ, ಮೆಲ್ಲಗೆ ಇಪ್ಪತ್ತು ಸಲ ಬ್ರೇಕ್ ಒತ್ತಿ, ಹೊಸ ಪ್ಯಾಡಿಗೂ ಹೊಸ ಡಿಸ್ಕಿಗೂ ಹೊಂದಿಕೆ ಮಾಡಿಸಿದ.

ಮೂರಕ್ಕೆ ಹತ್ತು ನಿಮಿಷ ಇರುವಾಗ ನಾಲ್ವರೂ ಸೇರಿ ಆಕೆಯನ್ನು ಕಾರಿನ ಬಳಿಗೆ ತಂದರು. ಈ ಸಲ ಕುರ್ಚಿ ತೇಲಿ ಬಂತು.

ಗುರುಗಳು ಮುಂದಿನ ಸೀಟಿನಲ್ಲಿ ಕೂತರು. ಪುಟ್ಟತಾಯಮ್ಮ ಬೀಳಲು ಹೆಗಲು ಕೊಟ್ಟಿದ್ದ ಭಕ್ತ ಹಿಂದೆ ಆಕೆಯ ಪಕ್ಕ ಕೂತ. ಅವನ ಹಳೇ ಕಾರು ಘಾಟಿ ಕೆಳಗಿನ ಗ್ಯಾರೇಜಿನಲ್ಲಿ ಸರ್ವಿಸ್‌ಗೆ ನಿಂತಿತ್ತು.

ಮೊದಲ ತಿರುವು ಬಂತು. ನಾಗಮಲ್ಲ ಬ್ರೇಕ್ ಒತ್ತಿದ.

ಸ್ಟೀರಿಂಗ್ ಅಲುಗಲಿಲ್ಲ.

ಎರಡನೇ ತಿರುವು. ಅಲುಗಲಿಲ್ಲ. ಐದನೇ ತಿರುವಿನಲ್ಲಿ ಹಿಂದಿನಿಂದ ಗೊರಗೊರ ಸದ್ದು ಬಂತು. ನಾಗಮಲ್ಲ ಗಡಬಡಿಸಿ ವೇಗ ತಗ್ಗಿಸಿದ. ಕನ್ನಡಿಯಲ್ಲಿ ನೋಡಿದ. ಪುಟ್ಟತಾಯಮ್ಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಘಾಟಿ ಮುಗಿದು ಗ್ಯಾರೇಜ್ ಬಂತು. ಭಕ್ತ ಇಳಿದ. ಜೇಬಿನಿಂದ ನಿಂಬೆಹಣ್ಣು ತೆಗೆದು ಕಿಟಕಿಯ ಹತ್ತಿರ ಬಂದು ಕೈಮುಗಿದ.

“ಬುದ್ಧೀ, ನಿಮ್ಮ ಮಹಿಮೆ ಕಣ್ಣಾರೆ ನೋಡಿದೆ. ಇದನ್ನ ಮಂತ್ರಿಸಿ ಕೊಟ್ಟುಬಿಡಿ. ನನ್ನ ಕಾರಿಗೂ ಕಟ್ತೀನಿ.”

ಗುರುಗಳು ನಿಂಬೆಹಣ್ಣು ಇಸಿದುಕೊಂಡು ನಾಗಮಲ್ಲನ ಮಡಿಲಿಗೆ ಹಾಕಿದರು.

“ಇದು ನಮ್ಮ ಚಿತ್ರಾನ್ನಕ್ಕೆ ಆಯ್ತು. ನೀನು ಒಳಗೆ ಹೋಗು. ಡಿಸ್ಕ್ ಕಳಚಿ ಅದರ ಹಿಂದಿನ ಜಾಗ ತೋರಿಸಿ ಅಂತ ಕೇಳು. ತುಕ್ಕು ಉಜ್ಜಿ ತೆಗೆಯೋವರೆಗೂ ಚಕ್ರ ಹಾಕೋಕೆ ಬಿಡಬೇಡ. ನೀನೊಬ್ಬನೇ ಅಲ್ಲ, ಹಳೇ ಕಾರಲ್ಲಿ ಮನೆಯವರನ್ನ ಕೂರಿಸ್ಕೊಂಡು ಓಡಾಡೋರೆಲ್ಲ ಕೇಳಿ. ಇವತ್ತೇ ಹೋಗಿ, ಬಗ್ಗಿ ನೋಡಿ.”